ಒಳಗಿನ ಚೀಲ

ಆ ಊರಿನಲ್ಲಿ ರಸ್ತೆ ಬದಿಗೆ ಗಿಡ ನೆಡುವ ಕೆಲಸ ಮಾಡಿದವರಲ್ಲಿ ಸಸಿಯಮ್ಮನಿಂದ ಬೈಸಿಕೊಳ್ಳದವರು ಒಬ್ಬರೂ ಇರಲಿಲ್ಲ. ನಗರಸಭೆಯ ನರ್ಸರಿಯಲ್ಲಿ ಇಪ್ಪತ್ತಾರು ವರ್ಷ ಬೀಜ ಊರಿ, ನೀರು ಹನಿಸಿ, ಸಸಿ ಎಬ್ಬಿಸಿದ ಹೆಂಗಸು ಅವಳು. ಅಪ್ಪ ಅಮ್ಮ ಇಟ್ಟ ಹೆಸರು ಹಾಜರಿ ಪುಸ್ತಕದಲ್ಲಿ ಮಾತ್ರ ಉಳಿದಿತ್ತು, ಮಿಕ್ಕವರಿಗೆಲ್ಲ ಸಸಿಯಮ್ಮ. ಆಳು ಕುಳ್ಳು, ಗಂಟಲು ದೊಡ್ಡದು. ಲಾರಿಗೆ ಸಸಿ ಏರಿಸುವ ದಿನ ಕೈಯಲ್ಲೊಂದು ಬ್ಲೇಡು ಹಿಡಿದು ಗೇಟಿನಲ್ಲೇ ನಿಂತಿರುತ್ತಿದ್ದಳು.

“ಮೊದ್ಲು ಚೀಲ ಸೀಳಿ, ಬಿಚ್ಚಿ ಎಸೀರಿ, ಆಮೇಲೆ ಗುಂಡಿಗೆ ಇಳಿಸಿ. ತೊಟ್ಟಿಲಲ್ಲಿ ಹಾಕಿದ್ದ ಕುಲಾವೀನ ಮದುವೆ ದಿನಾನೂ ಹಾಕ್ಕೊಂಡು ಕೂತಿದ್ರೇನಪ್ಪ ನೀವು? ಬೇರಿಗೆ ಜಾಗ ಬೇಕು, ಜಾಗ!”

ಕೂಲಿಯವರು ಅವಸರದಲ್ಲಿ ಚೀಲದ ಸಮೇತ ನೆಟ್ಟು ಹೋಗುವುದು ಎಲ್ಲ ಕಡೆಯೂ ಇದ್ದದ್ದೇ. ಆ ಕಪ್ಪು ಪ್ಲಾಸ್ಟಿಕ್ಕಿನೊಳಗೆ ಬೇರು ಹೊರಗೆ ಹೋಗಲು ದಾರಿ ಕಾಣದೆ ತನ್ನ ಸುತ್ತ ತಾನೇ ಸುತ್ತಿಕೊಂಡು, ಒಂದೆರಡು ವರ್ಷಕ್ಕೆ ಗಿಡ ಉಸಿರುಗಟ್ಟಿ ಸಾಯುತ್ತದೆ. ನೋಡಿದವರು ಬಿಸಿಲನ್ನು ಬೈಯುತ್ತಾರೆ. ಇದೆಲ್ಲ ಅರೆದು ಕುಡಿದ ಸಸಿಯಮ್ಮನೇ ನಲವತ್ತು ಸಸಿಗಳನ್ನು ಚೀಲದ ಸಮೇತ ಮಣ್ಣಿಗೆ ಕಳಿಸಿದಳು ಎಂದರೆ ನೀವು ನಂಬುವುದಿಲ್ಲ. ದೀಪದ ಬುಡದಲ್ಲಿ ಕತ್ತಲು ಎಂದು ಹಿರಿಯರು ಸುಮ್ಮನೆ ಹೇಳಲಿಲ್ಲ ನೋಡಿ.

ಅದು ಆದದ್ದು ಹೀಗೆ. ಅವಳ ಗಂಡ ಸಿಟಿ ಬಸ್ಸಿನ ಡ್ರೈವರು. ಮೂವತ್ತೆರಡು ವರ್ಷ ಒಂದೇ ಒಂದು ಅಪಘಾತ ಮಾಡದವನು, ಆ ಜಂಬವನ್ನು ಒಂದು ದಿನವೂ ಮುಚ್ಚಿಡದವನು. ಆವತ್ತು ಬೆಳಿಗ್ಗೆ ಚಹಾ ಕುಡಿಯುತ್ತ ಎಡಗಡೆಯ ಭುಜ ಉಜ್ಜಿಕೊಂಡ.

“ಏನಾಯ್ತ್ರೀ?”

“ಏನಿಲ್ಲ, ಗ್ಯಾಸು.”

“ಒಂದಿನ ರಜೆ ಹಾಕಿದ್ರೆ ಗಂಟೇನು ಹೋಗಲ್ಲ.”

“ನಾನು ರಜೆ ಹಾಕಿದ್ರೆ ಊರೆಲ್ಲ ನಡ್ಕೊಂಡು ಹೋಗ್ಬೇಕಾಗುತ್ತೆ ಕಣೇ,” ಎಂದು ಅವನು ಬೂಟು ಕಟ್ಟಿಕೊಂಡು ಹೊರಟೇಬಿಟ್ಟ.

ನರ್ಸರಿಯಲ್ಲಿ ಆವತ್ತು ಆಸ್ಪತ್ರೆ ರಸ್ತೆಗೆಂದು ಬೆಳೆಸಿದ್ದ ನೂರ ಹದಿನಾಲ್ಕು ಸಸಿಗಳ ಚೀಲ ಬದಲಿಸುವ ಕೆಲಸವಿತ್ತು. ಎರಡು ವರ್ಷದ ಬೇವು, ನೇರಳೆ. ಹಳೆಯ ಚೀಲಗಳು ಬೇರಿನ ಒತ್ತಡಕ್ಕೆ ಹರಿದಿದ್ದವು. ಒಂದೊಂದನ್ನೂ ಸೀಳಿ, ಬಿಚ್ಚಿ, ಬೇರಿನ ತುದಿ ಕತ್ತರಿಸಿ, ದೊಡ್ಡ ಚೀಲಕ್ಕೆ ಇಳಿಸಬೇಕು. ಎಪ್ಪತ್ತನಾಲ್ಕನ್ನು ಸಸಿಯಮ್ಮ ಹಾಗೆಯೇ ಮಾಡಿದಳು. ಆದರೆ ಮನಸ್ಸೆಲ್ಲ ಆ ಭುಜದ ಮೇಲೆ. ಮಧ್ಯಾಹ್ನಕ್ಕೆ ರಜೆ ಕೇಳಿ ಡಿಪೋಗೆ ಹೋಗಿ ನೋಡಿಬರೋಣ ಎನ್ನಿಸಿತು. ಆಗಲೇ ನೆಲದಿಂದ ಎಬ್ಬಿಸಿಟ್ಟಿದ್ದ ಉಳಿದ ನಲವತ್ತನ್ನು ಹಾಗೇ ಬಿಟ್ಟರೆ ಸಂಜೆಯೊಳಗೆ ಬೇರು ಒಣಗುತ್ತದೆ. ಜನ್ಮದಲ್ಲಿ ಮಾಡದ ಕೆಲಸವನ್ನು ಆವತ್ತು ಮಾಡಿದಳು. ಹರಿದ ಚೀಲದ ಸಮೇತ ಸಸಿಗಳನ್ನು ಹೊಸ ಚೀಲಕ್ಕೆ ಇಳಿಸಿ, ಸುತ್ತ ಮಣ್ಣು ತುಂಬಿ, ನಾಳೆ ಬಂದು ಬಿಚ್ಚಿ ಸರಿಮಾಡಿದರಾಯಿತು ಎಂದುಕೊಂಡಳು. ಕೊನೆಯ ಚೀಲಕ್ಕೆ ಮಣ್ಣು ಸುರಿಯುತ್ತಿರುವಾಗ ಡಿಪೋದಿಂದ ಫೋನು ಬಂತು. ಗಂಡ ಬಸ್ಸನ್ನು ಪಕ್ಕಕ್ಕೆ ಹಾಕಿ, ಕೈಬ್ರೇಕು ಎಳೆದು, ಸ್ಟಿಯರಿಂಗಿನ ಮೇಲೆಯೇ ಕುಸಿದಿದ್ದ.

ಜೀವ ಉಳಿಯಿತು. ಹೃದಯದ ರಕ್ತನಾಳಕ್ಕೆ ಸ್ಪ್ರಿಂಗಿನಂಥದ್ದೇನೋ ಇಟ್ಟರು. ಮೂರು ವಾರ ಆಸ್ಪತ್ರೆ, ಮನೆ, ಔಷಧಿ ಅಂಗಡಿ ಎಂದು ಅಲೆದು ಸಸಿಯಮ್ಮ ಕೆಲಸಕ್ಕೆ ಮರಳುವ ಹೊತ್ತಿಗೆ ಮಳೆ ಹಿಡಿದಿತ್ತು, ಸಸಿಗಳು ಲಾರಿ ಹತ್ತಿ ಹೋಗಿಯಾಗಿತ್ತು. ಪಾಪ, ಆಳುಗಳು ಅವಳ ಬೈಗುಳಕ್ಕೆ ಹೆದರಿ ಹೊರಗಿನ ಚೀಲವನ್ನು ನಿಯತ್ತಾಗಿ ಸೀಳಿ ನೆಟ್ಟಿದ್ದರು. ಒಳಗೆ ಇನ್ನೊಂದು ಚೀಲವಿದೆ ಎಂದು ಅವರಿಗೇನು ಕನಸು ಬೀಳುತ್ತದೆಯೇ? ಸಸಿಯಮ್ಮನಿಗೋ, ಆ ‘ನಾಳೆ’ ತಲೆಯಿಂದ ಪೂರ್ತಿ ಅಳಿಸಿಹೋಗಿತ್ತು.

ಆ ಗಿಡಗಳನ್ನು ಕೇಳಿ ಪಡೆದದ್ದು ಗಂಡನ ಜೀವ ಉಳಿಸಿದ ಡಾಕ್ಟರಮ್ಮನೇ. ಬಸ್ ಸ್ಟಾಪಿನಿಂದ ಆಸ್ಪತ್ರೆಯ ಗೇಟಿನವರೆಗೆ ಒಂದು ಕಿಲೋಮೀಟರಿಗೆ ತುಸು ಕಡಿಮೆ. ಎರಡೂ ಬದಿ ಬೋಳು. ಮೇಲೆ ಬಿಸಿಲು, ಪಕ್ಕದಲ್ಲಿ ಲಾರಿಗಳ ಹೊಗೆ. ಕಾಯಿಲೆಯವರು ಅಷ್ಟು ದೂರ ನಡೆದು ಬರುವಷ್ಟರಲ್ಲಿ ಅರ್ಧ ಜೀವವಾಗಿರುತ್ತಿದ್ದರು. “ಈ ರಸ್ತೆ ನಡ್ಕೊಂಡು ಬಂದೋರ ಬಿಪಿ ನೋಡಿದ್ರೆ ಮಿಷಿನ್ನೇ ಗಾಬರಿ ಆಗುತ್ತೆ. ನಂಗೆ ಹೊಸ ಮಿಷಿನ್ ಬೇಡ, ಎರಡು ಸಾಲು ಮರ ಕೊಡಿ,” ಎಂದು ಆಕೆ ಎರಡು ವರ್ಷ ಕಚೇರಿ ಕಚೇರಿ ಸುತ್ತಿದ್ದರು.

ಇತ್ತ ಗಂಡ ಕುರ್ಚಿ ಹಿಡಿದ. ಕಿಟಕಿ ಪಕ್ಕದ ಬೆತ್ತದ ಕುರ್ಚಿ. ಬೆಳಿಗ್ಗೆ ಅದರಲ್ಲಿ ಕೂತರೆ ಊಟಕ್ಕೆ, ನಿದ್ದೆಗೆ ಮಾತ್ರ ಎದ್ದದ್ದು. ಕೆಲಸದಿಂದ ನಿವೃತ್ತಿ ಕೊಟ್ಟಿದ್ದರು. ಮಾತು ಕಡಿಮೆಯಾಯಿತು, ಜಂಬ ಪೂರ್ತಿ ಹೋಯಿತು. ಗಂಡನ ಜಂಬ ಹೋದರೆ ಹೆಂಡತಿಗೆ ಇಷ್ಟು ಸಂಕಟವಾಗುತ್ತದೆ ಎಂದು ಸಸಿಯಮ್ಮನಿಗೆ ಗೊತ್ತಿರಲಿಲ್ಲ. ದಿನಾ ನಡೆಯಬೇಕು ಎಂದು ಡಾಕ್ಟರಮ್ಮ ಔಷಧಿ ಚೀಟಿಯ ಮೇಲೇ ದಪ್ಪ ಅಕ್ಷರದಲ್ಲಿ ಬರೆದುಕೊಟ್ಟಿದ್ದರು. “ಎಲ್ಲಿ ನಡೀಲಿ? ಕಾದ ಕಾವಲಿ ಥರ ಇದೆ ರಸ್ತೆ. ಊರನ್ನೇ ಕೂರಿಸ್ಕೊಂಡು ಓಡಾಡ್ಸಿದೋನು ನಾನು, ಈಗ ಸುಮ್ಸುಮ್ನೆ ಹೋಗಿ ಸುಮ್ಸುಮ್ನೆ ಬರ್ಲಾ?” ಎಂದು ಅವನು ಗೋಡೆ ಕಡೆ ಮುಖ ತಿರುಗಿಸುತ್ತಿದ್ದ. ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?

ವರ್ಷ ತುಂಬಿದ ಮೇಲೆ ತಪಾಸಣೆಗೆ ಕರೆದುಕೊಂಡು ಹೋದಳು. ಡಾಕ್ಟರಮ್ಮ ಅವನನ್ನು ನೋಡಿ ಕಳಿಸಿ, ಅವಳನ್ನು ಮಾತ್ರ ಒಳಗೆ ನಿಲ್ಲಿಸಿಕೊಂಡರು.

“ನೋಡಮ್ಮ, ಮಾತ್ರೆ ಅರ್ಧ ಕೆಲಸ ಮಾಡುತ್ತೆ, ಇನ್ನರ್ಧ ಅವರ ಕಾಲೇ ಮಾಡ್ಬೇಕು. ಹೀಗೇ ಕೂತಿದ್ರೆ ಇನ್ನೊಂದ್ಸಲ ಮಲಗಿಸ್ಕೊಂಡು ತರ್ತೀರ. ಆಗ ವಾಪಸ್ ಕಳಿಸ್ತೀನಿ ಅಂತ ನಾನು ಮಾತು ಕೊಡಲ್ಲ.”

ಸಸಿಯಮ್ಮ ಹೊರಗೆ ಬಂದು ಗಂಡನ ಕೈ ಹಿಡಿದು ಆಟೋ ಹತ್ತಿಸಿದಳು. ಆಟೋದಲ್ಲಿ ಗಂಡನ ಪಕ್ಕ ಕೂತು, ಅಳು ಕಾಣದಿರಲೆಂದು ಹೊರಗೆ ನೋಡಿದಳು. ಆಗ ಕಣ್ಣಿಗೆ ಬಿದ್ದದ್ದು ತನ್ನದೇ ಸಸಿಗಳು. ಒಂದು ಹಸಿರು, ಎರಡು ಹಸಿರು, ಮುಂದಿನದು ಹಳದಿ. ಮತ್ತೆ ಹಸಿರು, ಮತ್ತೆರಡು ಹಳದಿ. ನೀರಿನ ಕೊರತೆಯಾಗಿದ್ದರೆ ಎಲ್ಲವೂ ಒಂದೇ ಸಮ ಬಾಡಬೇಕಿತ್ತಲ್ಲ ಎಂದು ಮನಸ್ಸಿನ ಒಂದು ಮೂಲೆ ಗೊಣಗಿತು. ಮೂರು ದಿನದ ಮೇಲೆ ನರ್ಸರಿಯಲ್ಲಿ ಕೂತು ಯಾವುದೋ ಚೀಲ ಸೀಳುತ್ತಿದ್ದಾಗ ಬ್ಲೇಡು ಹಿಡಿದ ಕೈ ಅಲ್ಲೇ ನಿಂತುಬಿಟ್ಟಿತು. ಆ ನಲವತ್ತು! ಅಯ್ಯೋ ನನ್ನ ಬುದ್ಧಿಗಿಷ್ಟು, ಆ ನಲವತ್ತು!

ನೇರ ಮೇಲ್ವಿಚಾರಕನ ಕೋಣೆಗೆ ಹೋಗಿ ಆದದ್ದನ್ನೆಲ್ಲ ಹೇಳಿದಳು. ಯಾರು ಏನೇ ಹೇಳಿದರೂ “ಆಯ್ತಾಯ್ತು” ಎನ್ನುವ ಆತನನ್ನು ಆಳುಗಳು ಆಯ್ತಾಯ್ತು ಸಾಹೇಬ ಎಂದೇ ಕರೆಯುತ್ತಿದ್ದರು.

“ಆಯ್ತಾಯ್ತು. ಬಿಸಿಲಿಗೆ ಹೋದ್ವು ಅಂತ ಬರೆದ್ರಾಯ್ತು. ಮುಂದಿನ ವರ್ಷ ಬೇರೆ ನೆಡ್ಸೋಣ. ನಿಮಗಿನ್ನೂ ಎರಡು ವರ್ಷ ಸರ್ವೀಸ್ ಇದೆ, ಯಾಕೆ ಸುಮ್ನೆ ಮೈಮೇಲೆ ಎಳ್ಕೋತೀರ?”

“ನನ್ನ ತಪ್ಪಿಗೆ ಬಿಸಿಲಿನ ಹೆಸರು ಯಾಕೆ ಸಾರ್? ಬಿಸಿಲು ಬಂದು ನಿಮ್ಮ ಹತ್ರ ಚಾಡಿ ಹೇಳಲ್ಲ ಅಂತಾನಾ? ಬೇರು ಇನ್ನೂ ಜೀವಂತ ಇದೆ. ಅಗೆದು ಒಳಗಿನ ಚೀಲ ತೆಗೆದ್ರೆ ಉಳ್ಕೊಳ್ತವೆ.”

ಸಾಹೇಬ ತಲೆ ಕೆರೆದುಕೊಂಡ. “ಆಯ್ತಾಯ್ತು. ಬೆಳಿಗ್ಗೆ ಡ್ಯೂಟಿಗೆ ಮುಂಚೆ ಏನಾದ್ರೂ ಮಾಡ್ಕೊಳಿ. ನಾನು ನೋಡ್ಲಿಲ್ಲ.” ಇಷ್ಟು ಹೇಳಿದ ಮನುಷ್ಯ ಮಾರನೆಯ ವಾರದಿಂದ ಆ ರಸ್ತೆಗೆ ದಿನಾ ಒಂದು ನೀರಿನ ಟ್ಯಾಂಕರು ಹೋಗುವಂತೆ ಮಾಡಿದ. ಅದನ್ನೂ ತಾನು ನೋಡಲಿಲ್ಲ ಎಂದ. ಅವನ ಹೊಟ್ಟೆ ತಣ್ಣಗಿರಲಿ ಎಂದು ಸಸಿಯಮ್ಮ ಇವತ್ತಿಗೂ ಹರಸುತ್ತಾಳೆ.

ಒಂದೆರಡು ಮಳೆ ಬಿದ್ದು ಮಣ್ಣು ಮೆತ್ತಗಾಗಿತ್ತು. ಮೊದಲ ದಿನ ಬೆಳಿಗ್ಗೆ ಆರಕ್ಕೆ ಗುದ್ದಲಿ, ಬ್ಲೇಡು, ನೀರಿನ ಕ್ಯಾನು ಹೊತ್ತು ಒಬ್ಬಳೇ ಹೋದಳು. ಎಲೆ ನೋಡಿ ಹಳದಿಯಾದದ್ದನ್ನು ಅಗೆದರಾಯಿತು ಎಂದುಕೊಂಡಿದ್ದಳು. ಆದರೆ ಹೊಗೆ, ಧೂಳಿಗೆ ಚೆನ್ನಾಗಿದ್ದವೂ ಅಲ್ಲಲ್ಲಿ ಹಳದಿಯಾಗಿದ್ದವು. ಮಳೆ ಬಿದ್ದ ಮೇಲೆ ಚೀಲದೊಳಗಿನವೂ ನಾಲ್ಕು ಹಸಿರೆಲೆ ಬಿಟ್ಟು ಮೋಸ ಮಾಡುತ್ತಿದ್ದವು. ಏಳು ಗಿಡ ಅಗೆದಳು. ಏಳರಲ್ಲೂ ಚೀಲವಿಲ್ಲ. ಸುಖವಾಗಿ ನೆಲ ಹಿಡಿದಿದ್ದ ಬೇರಿಗೆ ಗುದ್ದಲಿ ಏಟು ಹಾಕಿದ್ದಷ್ಟೇ ಲಾಭ. ಅಂಗೈ ಬೊಬ್ಬೆ ಎದ್ದಿತ್ತು. ಮನೆಗೆ ಬಂದು ಹೊಸ್ತಿಲ ಮೇಲೆ ಕೂತು ಗಂಡನೆದುರು ಎಲ್ಲ ಹೇಳಿ ಗೊಳೋ ಎಂದು ಅತ್ತಳು. ಮದುವೆಯಾದ ಮೇಲೆ ಅವನೆದುರು ಅವಳು ಅತ್ತದ್ದು ಅದು ಎರಡನೆಯ ಸಲವೋ ಮೂರನೆಯದೋ ಇರಬೇಕು.

“ಡಾಕ್ಟರಮ್ಮ ಅಷ್ಟು ಆಸೆಪಟ್ಟು ಕೇಳಿದ ಗಿಡ ರೀ. ನಿಮ್ಮ ಜೀವ ಉಳಿಸ್ದೋರಿಗೆ ನಾನು ಕೊಟ್ಟಿದ್ದು ನೋಡಿ, ಚೀಲ!”

ಕುರ್ಚಿಯಲ್ಲಿದ್ದವನು ಅವಳ ಅಂಗೈಯ ಬೊಬ್ಬೆಯನ್ನೇ ನೋಡಿದ.

ಮಾರನೆಯ ಬೆಳಿಗ್ಗೆ ಅವಳು ಗುದ್ದಲಿ ಎತ್ತಿಕೊಳ್ಳುವಾಗ ಬಾಗಿಲ ಬಳಿ ಅವನು ಬಗ್ಗಿ ಹಳೆಯ ಡ್ಯೂಟಿ ಬೂಟು ಕಟ್ಟಿಕೊಳ್ಳುತ್ತಿದ್ದ.

“ಎಲ್ಲಿಗೆ?”

“ನಿನ್ನ ಅವಾಂತರ ನೋಡೋಕೆ. ಕೋತಿ ತಾನು ಕೆಡೋದಲ್ದೆ ವನಾನೂ ಕೆಡಿಸ್ತಂತೆ ಅಂತ ಕೇಳಿದ್ದೆ, ನೋಡಿರ್ಲಿಲ್ಲ.”

ಅವಳಿಗೆ ಸಿಟ್ಟು ಬರಬೇಕಿತ್ತು. ಬರಲಿಲ್ಲ. ಒಂದು ವರ್ಷದ ಮೇಲೆ ಆ ಬಾಯಿಂದ ಕುಚೋದ್ಯ ಕೇಳಿ ಕಿವಿ ತಣ್ಣಗಾಯಿತು.

ಬಸ್ ಸ್ಟಾಪಿನಿಂದ ಮೂರನೆಯ ಗಿಡದ ಹತ್ತಿರ ಬರುವಷ್ಟರಲ್ಲಿ ಅವನಿಗೆ ಏದುಸಿರು. ಅಲ್ಲೇ ರಸ್ತೆಯಂಚಿನ ಕಲ್ಲಿನ ಮೇಲೆ ಕೂತ. ಸುಧಾರಿಸಿಕೊಂಡು ಏಳುವಾಗ ಆಸರೆಗೆಂದು ಪಕ್ಕದ ಬೇವಿನ ಸಸಿಯ ಕಾಂಡ ಹಿಡಿದ. ಹಿಡಿದವನು ಹಾಗೇ ನಿಂತ. ಕಣ್ಣು ಮುಚ್ಚಿ ಮೆಲ್ಲಗೆ ಅಲ್ಲಾಡಿಸಿದ. ಹಿಂದಿನ ಗಿಡದ ತನಕ ವಾಪಸು ಹೋಗಿ ಅದನ್ನೂ ಅಲ್ಲಾಡಿಸಿದ. ಮತ್ತೆ ಇದರ ಬಳಿ ಬಂದ.

“ಇವಳೇ, ಬಾ ಇಲ್ಲಿ. ಇದರ ಗೇರು ಸಡ್ಲ ಇದೆ.”

“ಏನ್ರೀ ಅದು?”

“ಆ ಗಿಡ ಬಿಗಿಯಾಗಿದೆ, ಕೆಳಗೆಲ್ಲೋ ಕಚ್ಕೊಂಡಿದೆ. ಇದು ಬುಡದಲ್ಲೇ ತಿರುಗ್ತಿದೆ. ಹಳೇ ಬಸ್ಸಿನ ಗೇರ್ ಲಿವರ್ ಅಲ್ಲಾಡಿದ ಹಾಗೆ. ಮೂವತ್ತೆರಡು ವರ್ಷ ಹಿಡಿದ ಕೈ ಕಣೇ ಇದು. ಅಗಿ.”

ಅಗೆದಳು. ಗೇಣು ಆಳಕ್ಕೆ ಹೋಗುವಷ್ಟರಲ್ಲಿ ಕಪ್ಪು ಪ್ಲಾಸ್ಟಿಕ್ಕಿನ ಅಂಚು ಕಂಡಿತು. ಸಸಿಯಮ್ಮ ಬ್ಲೇಡು ಹಾಕಿ ಚೀಲ ಸೀಳಿ ಎಳೆದಳು. ಒಳಗೆ ಬೇರು ದಾರದುಂಡೆಯಂತೆ ಸುತ್ತಿಕೊಂಡಿತ್ತು. ಸುತ್ತಿದ್ದನ್ನು ಕತ್ತರಿಸಿ ಬಿಡಿಸಿ, ಹೊಸ ಮಣ್ಣು ಹಾಕಿ, ಮೇಲಿನ ಎಲೆ ಅರ್ಧ ಸವರಿ, ನೀರುಣಿಸಿ, ಒಂದು ಕೋಲು ಕಟ್ಟಿ ನಿಲ್ಲಿಸಿದಳು. ಆಮೇಲೆ ಗಂಡನ ಮುಖ ನೋಡಿದಳು. ಆ ಮುಖದಲ್ಲಿ ಹಳೆಯ ಜಂಬ, ಇಷ್ಟೇ ಇಷ್ಟು, ತಲೆ ಎತ್ತಿತ್ತು.

“ನಾನಿಲ್ದೇ ಇದ್ರೆ ನಿನ್ನ ಗತಿ ಏನು?” ಎಂದ.

“ಏನೂ ಇಲ್ಲ ರೀ,” ಎಂದಳು ಸಸಿಯಮ್ಮ. ವಾದ ಮಾಡದೆ ಗಂಡನ ಮಾತು ಒಪ್ಪಿಕೊಂಡದ್ದು ಅದೇ ಮೊದಲು.

ಅಲ್ಲಿಂದ ಶುರುವಾಯಿತು. ಅವಳೂ ಅಲ್ಲಾಡಿಸಿ ನೋಡಿದಳು. ಅವಳ ಕೈಗೆ ಆ ಗುಟ್ಟು ಹತ್ತಲಿಲ್ಲ. ಅಥವಾ ಹತ್ತಿತ್ತೋ ಏನೋ, ಅವಳು ಬಾಯಿ ಬಿಡಲಿಲ್ಲ. ಒಟ್ಟಿನಲ್ಲಿ ಅವನು ಬರಲೇಬೇಕಾಯಿತು. ಮೊದಲ ದಿನ ಐದು ಗಿಡದ ತನಕ ನಡೆದ. ಮರುದಿನ ಎಂಟು. ಒಂದು ದಿನ ಬರೀ ಆರು. ಆವತ್ತು ಮೂಡ್ ಸರಿಯಿಲ್ಲ ಎಂದ. ಹತ್ತನೆಯ ಗಿಡದ ಎದುರು ಬಟ್ಟೆ ಇಸ್ತ್ರಿ ಮಾಡುವವನ ಗಾಡಿ ಇತ್ತು. ಅವನು ತನ್ನ ಸ್ಟೂಲು ಹೊರಗೆ ಹಾಕಿ, “ಕೂತ್ಕೊಳಿ ಡ್ರೈವರಣ್ಣ, ಇದು ನಿಮ್ಮ ಸ್ಟಾಪು,” ಎಂದು ನೀರು ಕೊಡುತ್ತಿದ್ದ. “ಬಿಸಿಲಲ್ಲಿ ಕಾದ ಇಸ್ತ್ರಿ ಪೆಟ್ಟಿಗೆ ಹಿಡ್ಕೊಂಡು ನಿಂತೋನಿಗೆ ನೆರಳಿನ ಬೆಲೆ ಗೊತ್ತು ಅಣ್ಣ. ಈ ಗಿಡ ಒಂದು ಎದ್ರೆ ಸಾಕು ನಂಗೆ,” ಎನ್ನುತ್ತಿದ್ದ. ಗಂಡ ಅವನ ಗಾಡಿಯೆದುರಿನ ಸಸಿಯನ್ನು ದಿನಾ ಎರಡೆರಡು ಸಲ ಅಲ್ಲಾಡಿಸಿ ಪರೀಕ್ಷೆ ಮಾಡುತ್ತಿದ್ದ.

ಹನ್ನೆರಡನೆಯ ದಿನ ಬಿಸಿಲು ಬೇಗ ಏರಿತು. ಸುಮಾರು ಅರ್ಧ ರಸ್ತೆಯ ಹತ್ತಿರ ಅವನು ಎದೆ ಮೇಲೆ ಕೈಯಿಟ್ಟುಕೊಂಡು ನಿಂತ. ಮುಖದಲ್ಲಿ ಬೆವರು. ಸಸಿಯಮ್ಮ ಗುದ್ದಲಿ ಬಿಸಾಡಿ ಓಡಿದಳು. ಹಾಳು ಗಿಡದ ಆಸೆಗೆ ಗಂಡನನ್ನೇ ಕೊಂದೆನಲ್ಲಾ ಎನ್ನುತ್ತ ಅವನನ್ನು ಆನಿಸಿಕೊಂಡು ಅಲ್ಲೇ ಕೂರಿಸಿದಳು. ಅಷ್ಟರಲ್ಲಿ ಒಂದು ಕಾರು ಪಕ್ಕಕ್ಕೆ ನಿಂತಿತು. ಇಳಿದವರು ಡಾಕ್ಟರಮ್ಮ. ಫುಟ್‌ಪಾತಿನ ಮೇಲೆಯೇ ಮಂಡಿಯೂರಿ ನಾಡಿ ಹಿಡಿದರು, ಕಣ್ಣು ನೋಡಿದರು, ಉಸಿರು ಕೇಳಿದರು.

“ಬೆಳಿಗ್ಗೆ ಏನಾದ್ರೂ ತಿಂದ್ರಾ?”

“ಇಲ್ಲ. ಲೇಟಾಗುತ್ತೆ ಅಂತ...”

“ಮಾತ್ರೆ ನುಂಗಿ, ಖಾಲಿ ಹೊಟ್ಟೇಲಿ ಬಿಸಿಲಿಗೆ ಬಂದ್ರೆ ತಲೆ ಸುತ್ತದೆ ಇನ್ನೇನಾಗುತ್ತೆ? ಎದೆಗೇನೂ ಆಗಿಲ್ಲ. ನೆರಳಲ್ಲಿ ಕೂತ್ಕೊಳಿ,” ಎಂದು ಸುತ್ತ ನೋಡಿದರು. ನೆರಳೆಲ್ಲಿತ್ತು? ಕಾರಿನಲ್ಲೇ ಕೂರಿಸಿ ಬಿಸ್ಕತ್ತು ಕೊಟ್ಟರು. “ಅದ್ಸರಿ, ಗುದ್ದಲಿ ತಗೊಂಡು ನೀವಿಬ್ರೂ ಇಲ್ಲೇನ್ ಮಾಡ್ತಿದೀರ?”

ಸಸಿಯಮ್ಮ ತಲೆ ತಗ್ಗಿಸಿ ಎಲ್ಲ ಒಪ್ಪಿಕೊಂಡಳು. ಆ ದಿನದ ಭುಜ, ಆ ನಲವತ್ತು ಚೀಲ, ಮರೆತುಹೋದ ಆ ನಾಳೆ. ಡಾಕ್ಟರಮ್ಮ ಬೈಯಲಿಲ್ಲ. ಕಾರಿನೊಳಗೆ ಬಿಸ್ಕತ್ತು ತಿನ್ನುತ್ತಿದ್ದವನನ್ನು ಒಮ್ಮೆ ನೋಡಿದರು, ಬಸ್ ಸ್ಟಾಪಿನ ಕಡೆ ಒಮ್ಮೆ ನೋಡಿದರು.

“ಅಲ್ಲಿಂದ ಇಲ್ಲಿವರೆಗೂ ನಡ್ಕೊಂಡೇ ಬಂದ್ರಾ ಇವರು?”

“ಹೂಂ ಡಾಕ್ಟ್ರೇ. ದಿನಾ ಬರ್ತಾರೆ.”

“ನೀವು ಅಗೀರಿ, ಅವರು ಅಲ್ಲಾಡಿಸ್ಲಿ. ಗುದ್ದಲಿ ಮಾತ್ರ ಅವರ ಕೈಗೆ ಕೊಡಬೇಡಿ. ತಿಂಡಿ ತಿಂದೇ ಬರಬೇಕು. ಮತ್ತೆ...” ಎಂದು ಆಕೆ ದನಿ ತಗ್ಗಿಸಿದರು, “ಈ ಕೆಲಸ ಬೇಗ ಮುಗಿಸ್ಬೇಡಿ.”

ಸಸಿಯಮ್ಮ ಆ ಕೊನೆಯ ಮಾತನ್ನು ಮನಸ್ಸಿಗೆ ತೆಗೆದುಕೊಂಡಳು. ಇನ್ನು ಹದಿನೈದು ದಿನದಲ್ಲಿ ಮುಗಿಯುವ ಕೆಲಸ ಎರಡು ತಿಂಗಳು ಹಿಡಿಯಿತು. ಆಸ್ಪತ್ರೆಯ ಗೇಟು ಮುಟ್ಟಿದ ದಿನ ಲೆಕ್ಕ ಹಾಕಿದರೆ ಮೂವತ್ತಾರು ಚೀಲ ಸಿಕ್ಕಿದ್ದವು. ಉಳಿದ ನಾಲ್ಕು ಗಿಡ ಮೊದಲೇ ಸತ್ತು ಕಿತ್ತುಹೋಗಿದ್ದಿರಬೇಕು. ಮೂವತ್ತಾರರಲ್ಲೂ ಐದು ಚೇತರಿಸಿಕೊಳ್ಳಲಿಲ್ಲ. ಆ ಒಂಬತ್ತು ಜಾಗಕ್ಕೆ ಅವಳು ಹೊಸ ಸಸಿ ತಂದು, ಚೀಲ ಬಿಚ್ಚಿ, ಬಿಚ್ಚಿದ ಚೀಲವನ್ನು ಗಂಡನ ಕೈಗೆ ಸಾಕ್ಷಿಗೆಂದು ಕೊಟ್ಟು ನೆಟ್ಟಳು. ಕೆಲಸ ಮುಗಿದ ಮಾರನೆಯ ದಿನ ಬೆಳಿಗ್ಗೆ ಅವಳು ಹಾಸಿಗೆಯಲ್ಲೇ ಕಣ್ಣು ಮುಚ್ಚಿ ಮಲಗಿ ಕಿವಿ ಕೊಟ್ಟಳು. ಬೆತ್ತದ ಕುರ್ಚಿ ಕಿರುಗುಟ್ಟುತ್ತದೋ, ಬೂಟಿನ ಸದ್ದು ಬರುತ್ತದೋ? ಬೂಟಿನ ಸದ್ದೇ ಬಂತು.

“ಇವಳೇ, ಏಳು. ಹೊಸದಾಗಿ ನೆಟ್ಟಿದ್ದು ಬೇರು ಬಿಟ್ವೋ ಇಲ್ವೋ ಯಾರು ನೋಡ್ತಾರೆ?”

ಇದೆಲ್ಲ ಆಗಿ ಆರು ವರ್ಷ. ಸಸಿಯಮ್ಮ ನಿವೃತ್ತಳಾಗಿದ್ದಾಳೆ. ಆಸ್ಪತ್ರೆ ರಸ್ತೆಯಲ್ಲಿ ಈಗ ಎರಡೂ ಬದಿಯ ಕೊಂಬೆಗಳು ಮೇಲೆ ಕೈ ಚಾಚಿಕೊಂಡಿವೆ. ಬಸ್ಸಿಳಿದವರು ಛತ್ರಿ ಮಡಚಿ ನಡೆಯುತ್ತಾರೆ. ಇಸ್ತ್ರಿಯವನು ಗಾಡಿಯನ್ನು ರಸ್ತೆ ದಾಟಿಸಿ ತಂದು ಹತ್ತನೆಯ ಮರದ ಬುಡದಲ್ಲಿ ನಿಲ್ಲಿಸಿಕೊಂಡಿದ್ದಾನೆ, ಅದು ತನ್ನ ಮರ ಎಂದು ಎಲ್ಲರಿಗೂ ಹೇಳುತ್ತಾನೆ. ಬೆಳಿಗ್ಗೆ ನಡೆಯಲು ಬರುವವರ ದಂಡೇ ಇದೆ.

ಈಚೆಗೊಂದು ದಿನ ಗಂಡ ಹೆಂಡತಿ ಇಬ್ಬರೂ ತಪಾಸಣೆಗೆಂದು ನಡೆದೇ ಹೋಗಿದ್ದರು. ಡಾಕ್ಟರಮ್ಮ ಹಳೆಯ ಫೈಲು ತಿರುವಿ, ಮೊದಲ ವರ್ಷದ ಹಾಳೆಯ ಮೇಲೆ ಬೆರಳಿಟ್ಟರು.

“ಈಗ ಹೇಳಬಹುದು. ಆವತ್ತು ನಿಮ್ಮನ್ನ ನೋಡಿ, ಇನ್ನೊಂದು ವರ್ಷ ದಾಟೋದು ಕಷ್ಟ ಅಂದ್ಕೊಂಡಿದ್ದೆ.”

ವಾಪಸು ಬರುವಾಗ ಅವನು ಅವಳ ಪಕ್ಕದಲ್ಲೇ ನಡೆದ. ಬಸ್ ಸ್ಟಾಪಿನ ಹತ್ತಿರದ ಮೂರನೆಯ ಮರ ಬಂದಾಗ ನಿಂತ. ಆ ಬೇವಿನ ಕಾಂಡ ಈಗ ಅವನ ಎರಡು ಕೈಗೂ ತುಂಬುವಷ್ಟಾಗಿದೆ. ಎರಡೂ ಕೈಯಿಂದ ಹಿಡಿದು, ಕಣ್ಣು ಮುಚ್ಚಿ, ಹಳೆಯ ಅಭ್ಯಾಸದಂತೆ ಅಲ್ಲಾಡಿಸಿ ನೋಡಿದ. ಮರ ಮಿಸುಕಲಿಲ್ಲ.

“ಇವಳೇ,” ಎಂದ. “ಆವತ್ತು ನೀನು ನಲವತ್ತನ್ನೂ ಸರಿಯಾಗಿ ಮಾಡಿದ್ದಿದ್ರೆ, ನಾನು ಆ ಕುರ್ಚಿಯಿಂದ ಏಳ್ತಾನೇ ಇರ್ಲಿಲ್ಲ ಕಣೇ. ನಿನ್ನ ಋಣ ತೀರ್ಸೋಕೆ ಆಗಲ್ಲ.”

ಮೂವತ್ತೆಂಟು ವರ್ಷದ ಸಂಸಾರದಲ್ಲಿ ಆ ಮನುಷ್ಯನ ಬಾಯಿಂದ ಇಂಥ ಮಾತು ಬಂದದ್ದೇ ಇಲ್ಲ. ಸಸಿಯಮ್ಮ ಸೆರಗಿನಿಂದ ಕಣ್ಣೊರೆಸಿಕೊಂಡಳು. ಸುಮ್ಮನಿದ್ದರೆ ಅವಳು ಸಸಿಯಮ್ಮ ಹೇಗಾದಾಳು?

“ನನಗ್ಯಾಕೆ ಹೇಳ್ತೀರಿ? ಆವತ್ತು ಬೆಳಿಗ್ಗೆ ನೀವು ಭುಜ ಉಜ್ಕೊಳ್ದೇ ಇದ್ದಿದ್ರೆ ನಾನು ತಪ್ಪೇ ಮಾಡ್ತಿರ್ಲಿಲ್ಲ. ನಡೀರಿ ಈಗ. ತಿಂಡಿ ತಿಂದು ಎರಡು ಗಂಟೆ ಆಯ್ತು.”

ಅವನು ನಕ್ಕು ಹೆಜ್ಜೆ ಹಾಕಿದ. ನೆರಳಿನಲ್ಲಿ ಅವಳಿಗಿಂತ ಎರಡು ಹೆಜ್ಜೆ ಮುಂದೆಯೇ ಇದ್ದ.